ಮರುಳು ಮಾಡು, ಮರುಳಾಗು: ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬರ ಮನಸ್ಸನ್ನು ಪೂರ್ತಿ ತನ್ನ ಕಡೆಗೆ ಎಳೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಹತ್ತಾರು ಮಾತುಗಳಿವೆ. ಮರುಳು ಮಾಡು, ಮೋಡಿ ಮಾಡು, ಮನಸೂರೆಗೊಳ್ಳು, ಮನಸೆಳೆ, ಮಂತ್ರಮುಗ್ಧಗೊಳಿಸು, ಹೀಗೆ. ಎಲ್ಲವೂ ಒಂದೇ ಅಂತ ಸುಮ್ನೆ ಅದಲುಬದಲು ಮಾಡಿ ಬರೆಯುವವರೇ ಜಾಸ್ತಿ. ಆದರೆ ಒಂದರ ಜಾಗಕ್ಕೆ ಇನ್ನೊಂದು ಹೋದರೆ ಹೊಗಳಿಕೆ ಆಪಾದನೆಯಾಗುತ್ತದೆ. ಅದರಲ್ಲೂ ‘ಮರುಳು ಮಾಡು’ ಬಹಳ ಜನರನ್ನು ಎಡವಿಸುತ್ತದೆ. ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ.

‘ಮರುಳು ಮಾಡು’ ಅಂದರೆ ನಿಜವಾಗಿ ಏನು?

ಎದುರಿಗಿರುವವರು ಯೋಚನೆ ಮಾಡುವುದನ್ನೇ ಬಿಟ್ಟು ನಮ್ಮ ಕಡೆ ವಾಲುವ ಹಾಗೆ ಮಾಡುವುದು. ಇಷ್ಟವಾಗುವುದು ಬೇರೆ, ಮರುಳಾಗುವುದು ಬೇರೆ. ಒಂದು ಸೀರೆ ಇಷ್ಟವಾದರೆ ಬೆಲೆ ಕೇಳುತ್ತೇವೆ. ಸೀರೆಗೆ ಮರುಳಾದರೆ ಬೆಲೆ ಕೇಳುವುದು ಮರೆತುಹೋಗುತ್ತದೆ. ಬುದ್ಧಿ ಸ್ವಲ್ಪ ಹೊತ್ತು ರಜೆ ಹಾಕಿದೆ ಅನ್ನುವ ಸೂಚನೆ ಈ ಪದದಲ್ಲಿ ಯಾವಾಗಲೂ ಇರುತ್ತದೆ.

ಹಾಗಾದರೆ ಇದು ಹೊಗಳಿಕೆಯೋ, ಬೈಗುಳವೋ?

ಎರಡೂ ಆಗಬಹುದು. ಯಾವುದು ಅಂತ ತೀರ್ಮಾನಿಸುವುದು ವಾಕ್ಯದ ಕರ್ತೃ, ಅಂದರೆ ಮರುಳು ಮಾಡಿದ್ದು ಯಾರು ಅಥವಾ ಏನು ಅನ್ನುವುದು.

ವಸ್ತುವೋ, ಕಲೆಯೋ, ಪ್ರಕೃತಿಯೋ ಆಗಿದ್ದರೆ ಸಾಮಾನ್ಯವಾಗಿ ಹೊಗಳಿಕೆ. ‘ಆಗುಂಬೆಯ ಸೂರ್ಯಾಸ್ತ ಎಂಥವರನ್ನೂ ಮರುಳು ಮಾಡುತ್ತದೆ.’ ಸೂರ್ಯನಿಗೆ ನಮ್ಮಿಂದ ಏನೂ ಆಗಬೇಕಾಗಿಲ್ಲ, ಅಲ್ವಾ? ಹಾಗಾಗಿ ಅನುಮಾನಕ್ಕೆ ಜಾಗವಿಲ್ಲ.

ಮನುಷ್ಯ ಕರ್ತೃವಾದ ಕೂಡಲೇ ಅನುಮಾನ ಒಳಗೆ ಬರುತ್ತದೆ. ‘ಅವನು ಎಲ್ಲರನ್ನೂ ಮರುಳು ಮಾಡಿದ’ ಅಂದರೆ ಕೇಳಿದವರು ಮೊದಲು ಕೇಳುವುದು ‘ಎಷ್ಟು ದುಡ್ಡು ಹೋಯಿತು?’ ಅಂತ. ‘ಗ್ರಾಹಕರನ್ನು ಮರುಳು ಮಾಡುವ ಜಾಹೀರಾತು’, ‘ಮತದಾರರನ್ನು ಮರುಳು ಮಾಡುವ ಭರವಸೆ’, ಇವುಗಳಲ್ಲಿ ಹೊಗಳಿಕೆಯ ಸುಳಿವೇ ಇಲ್ಲ. ಕಲಾವಿದರ ವಿಷಯದಲ್ಲಿ ಮಾತ್ರ ಒಂದು ರಿಯಾಯಿತಿ ಇದೆ. ಅವರು ಯಾವುದರಿಂದ ಮರುಳು ಮಾಡಿದರು ಅನ್ನುವುದನ್ನು ಜೊತೆಗೇ ಹೇಳಿಬಿಟ್ಟರೆ ಸರಿಹೋಗುತ್ತದೆ: ‘ತಮ್ಮ ಗಾಯನದಿಂದ ಕೇಳುಗರನ್ನು ಮರುಳು ಮಾಡಿದರು.’

ಇದರಿಂದ ಒಂದು ಉಪಯೋಗದ ಬುದ್ಧಿಮಾತು. ಸನ್ಮಾನ ಸಮಾರಂಭದ ವಂದನಾರ್ಪಣೆಯಲ್ಲಿ ‘ಮುಖ್ಯ ಅತಿಥಿಗಳು ನಮ್ಮನ್ನೆಲ್ಲ ಮರುಳು ಮಾಡಿದ್ದಾರೆ’ ಅನ್ನಬೇಡಿ. ಸಭೆ ನಗುತ್ತದೆ, ಅತಿಥಿಗಳು ನಗುವುದಿಲ್ಲ. ‘ನಿಮ್ಮ ಮಾತಿಗೆ ಮನಸೋತೆವು’ ಅನ್ನಿ.

ಮೂಲದಲ್ಲಿ ‘ಮರುಳು’ ಅಂದರೆ ಏನು?

ದೆವ್ವ. ಹೌದು, ತಮಾಷೆಯಲ್ಲ. ಹಳೆಗನ್ನಡದಲ್ಲಿ ‘ಮರುಳ್’ ಎಂದರೆ ಭೂತ, ಪಿಶಾಚಿ ಅನ್ನುವ ಅರ್ಥವೂ ಇತ್ತು, ಹುಚ್ಚು ಅನ್ನುವ ಅರ್ಥವೂ ಇತ್ತು. ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಹೆಣಗಳ ನಡುವೆ ಕುಣಿಯುವ, ರಕ್ತ ಕುಡಿಯುವ ಮರುಳುಗಳು ಬರುತ್ತವೆ. ರನ್ನನ ಗದಾಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ರಣರಂಗದಲ್ಲಿ ನಡೆದು ಹೋಗುವಾಗ ಇಂಥ ಮರುಳುಗಳಿಗೆ ಎದುರಾಗುತ್ತಾನೆ. ಅಲ್ಲಿ ದೆವ್ವ ಮತ್ತು ಹುಚ್ಚು ಎರಡೂ ಅರ್ಥ ಇಟ್ಟುಕೊಂಡು ಕವಿ ಆಟವಾಡಬಹುದು, ಯಾಕೆಂದರೆ ಪದವೇ ಅದಕ್ಕೆ ಅವಕಾಶ ಕೊಡುತ್ತದೆ.

ದೆವ್ವ ಮೆಟ್ಟಿಕೊಂಡವರಿಗೆ ಬುದ್ಧಿ ಸ್ಥಿಮಿತದಲ್ಲಿ ಇರುವುದಿಲ್ಲ ಅನ್ನುವ ನಂಬಿಕೆಯನ್ನು ನೆನೆದರೆ ಈ ಎರಡು ಅರ್ಥಗಳು ಒಂದೇ ಪದದಲ್ಲಿ ಇರುವುದು ವಿಚಿತ್ರ ಅನ್ನಿಸುವುದಿಲ್ಲ. ಚೆಲುವಿಗೋ ಹಾಡಿಗೋ ಬುದ್ಧಿ ಕಳೆದುಕೊಳ್ಳುವುದೂ ಅದರ ಪಕ್ಕದಲ್ಲೇ ಬಂದು ಕೂತಿದೆ. ನಮ್ಮ ನೆರೆಹೊರೆಯ ಭಾಷೆಗಳಲ್ಲೂ ಇದೇ ಬೇರಿನ ಪದಗಳಿವೆ. ತಮಿಳಿನಲ್ಲಿ ‘ಮರುಳ್’ ಎಂದರೆ ಭ್ರಮೆ. ಮೈಮೇಲೆ ದೇವರು ಬಂದು ಕುಣಿಯುವವರಿಗೆ ಅಲ್ಲಿ ‘ಮರುಳಾಡಿ’ ಅನ್ನುತ್ತಾರೆ. ತೆಲುಗಿನ ‘ಮರುಲು’ ದೆವ್ವವನ್ನು ಬಿಟ್ಟು ಪ್ರೀತಿಯ ಕಡೆ ಹೊರಳಿದೆ. ಅಲ್ಲಿ ಅದು ವ್ಯಾಮೋಹ, ಪ್ರೇಮ.

ಇವತ್ತು ‘ಮರುಳಾದೆ’ ಅನ್ನುವವರಿಗೆ ದೆವ್ವದ ನೆನಪಿಲ್ಲ. ಆದರೂ ಪದದ ಒಳಗೆ ಸಣ್ಣ ಅಪಾಯದ ವಾಸನೆ ಉಳಿದುಕೊಂಡಿದೆ. ಮನುಷ್ಯ ಕರ್ತೃವಾದಾಗ ಅನುಮಾನ ಹುಟ್ಟುವುದು ಅದರಿಂದಲೇ ಅನ್ನುವುದು ನನ್ನ ಅಭಿಪ್ರಾಯ.

ಅಷ್ಟು ಕೆಟ್ಟ ಅರ್ಥವಿದ್ದರೆ ಮರುಳಸಿದ್ಧ, ಮರುಳಯ್ಯ ಅಂತ ಹೆಸರಿಡುವುದು ಯಾಕೆ?

ಭಕ್ತಿಯಲ್ಲಿ ಹುಚ್ಚು ಅನ್ನುವುದು ಬೈಗುಳವಲ್ಲ, ಅದಕ್ಕೆ. ಲೋಕದ ಲೆಕ್ಕಾಚಾರ ಬಿಟ್ಟವನು ಲೋಕದ ಕಣ್ಣಿಗೆ ಮರುಳನಂತೆ ಕಾಣುತ್ತಾನೆ. 12ನೇ ಶತಮಾನದ ಶರಣರಲ್ಲಿ ಮರುಳಶಂಕರದೇವ ಅನ್ನುವವರಿದ್ದರು. ಕಲ್ಯಾಣದಲ್ಲಿ ಅವರು ಹುಚ್ಚನಂತೆ ಕಾಣುತ್ತ, ಯಾರ ಗಮನಕ್ಕೂ ಬಾರದೆ ಇದ್ದರಂತೆ. ಅವರ ದೊಡ್ಡತನವನ್ನು ಗುರುತಿಸಿ ಎಲ್ಲರಿಗೂ ತೋರಿಸಿದ್ದು ಅಲ್ಲಮಪ್ರಭು. ಈ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ವಿಜಯನಗರ ಜಿಲ್ಲೆಯ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ದೇವಸ್ಥಾನವಿದೆ. ಅಲ್ಲಿನ ಜಾತ್ರೆಯಲ್ಲಿ ಶಿಖರಕ್ಕೆ ಎಣ್ಣೆ ಎರೆಯುವುದು ಹೆಸರುವಾಸಿ. ಆ ಸುತ್ತಿನ ಮನೆಗಳಲ್ಲಿ ಮರುಳಸಿದ್ದಪ್ಪ ಅನ್ನುವ ಹೆಸರು ಕೇಳಿದರೆ ಯಾರಿಗೂ ಹುಚ್ಚಿನ ನೆನಪಾಗುವುದಿಲ್ಲ.

ಡಿ.ವಿ. ಗುಂಡಪ್ಪನವರೂ ಇದೇ ಜಾಡಿನವರು. 1943ರ ಕಗ್ಗದಲ್ಲಿ ‘ಮಂಕುತಿಮ್ಮ’ ಅಂತ ಕರೆದುಕೊಂಡವರು, ಅದರ ಮುಂದುವರಿಕೆಯಲ್ಲಿ ‘ಮರುಳ ಮುನಿಯ’ ಅಂತ ಅಂಕಿತ ಇಟ್ಟುಕೊಂಡರು. ತನ್ನನ್ನು ತಾನೇ ಮಂಕ, ಮರುಳ ಅಂದುಕೊಂಡವನ ಮಾತನ್ನು ಜನ ಜಾಸ್ತಿ ಕಿವಿಗೊಟ್ಟು ಕೇಳುತ್ತಾರೆ.

‘ಹಾಡಿಗೆ ಮರುಳಾದೆ’ ಸರಿಯೋ, ‘ಹಾಡಿನಿಂದ ಮರುಳಾದೆ’ ಸರಿಯೋ?

‘ಹಾಡಿಗೆ’. ಮರುಳಾಗು ಯಾವಾಗಲೂ ‘ಗೆ/ಕ್ಕೆ’ ಬೇಡುತ್ತದೆ: ನಗುವಿಗೆ ಮರುಳಾದ, ರುಚಿಗೆ ಮರುಳಾದರು, ಬಣ್ಣದ ಮಾತಿಗೆ ಮರುಳಾಗಬೇಡ. ‘ಮರುಳು ಮಾಡು’ಗೆ ‘ಅನ್ನು’ ಬೇಕು: ಅವನನ್ನು ಮರುಳು ಮಾಡಿದಳು. ಯಾವ ಸಾಧನದಿಂದ ಅಂತ ಹೇಳಬೇಕಾದಾಗ ಮಾತ್ರ ‘ಇಂದ’: ಮಾತಿನಿಂದ ಮರುಳು ಮಾಡಿದಳು.

ಈಚೆಗೆ ಅನುವಾದಗಳಲ್ಲಿ ‘ಆಕೆಯ ಸೌಂದರ್ಯದಿಂದ ನಾನು ಮರುಳುಗೊಳಿಸಲ್ಪಟ್ಟೆ’ ಅನ್ನುವ ಥರದ ವಾಕ್ಯ ಕಾಣುತ್ತದೆ. ಇಷ್ಟುದ್ದ ಹೇಳುವ ಹೊತ್ತಿಗೆ ಮರುಳು ಇಳಿದುಹೋಗಿರುತ್ತದೆ. ‘ಆಕೆಯ ಚೆಲುವಿಗೆ ಮರುಳಾದೆ’. ಮುಗಿಯಿತು.

ಬರೀ ‘ಮರುಳಾದ’ ಅಂದರೆ?

ಹುಷಾರು. ಯಾವುದಕ್ಕೆ ಅಂತ ಹೇಳದೆ ಬಿಟ್ಟರೆ ಹಳೆಯ ಅರ್ಥ ವಾಪಸ್ ಬರುತ್ತದೆ: ಹುಚ್ಚನಾದ, ಬುದ್ಧಿ ಕೆಟ್ಟಿತು. ‘ಅಜ್ಜ ಪೇಟೆಯ ಬೆಡಗಿಗೆ ಮರುಳಾದರು’ ಅಂದರೆ ಒಂದು ನಗು. ‘ಅಜ್ಜ ಮರುಳಾದರು’ ಅಂದರೆ ಮನೆಯವರು ಗಾಬರಿಯಾಗುತ್ತಾರೆ.

ಮರಳು, ಮರುಳು: ಎರಡೂ ಒಂದೇನಾ?

ಅಲ್ಲ. ಒಂದು ಕೊಂಬಿನ ವ್ಯತ್ಯಾಸ, ಆದರೆ ಪದಗಳೇ ಬೇರೆ.

‘ಮರಳು’ ಅಂದರೆ ಉಸುಕು. ಕ್ರಿಯಾಪದವಾದಾಗ ಹಿಂದಕ್ಕೆ ಬರುವುದು: ಊರಿಗೆ ಮರಳಿದ. ನೀರು, ಎಸರು ಕುದಿಯುವುದಕ್ಕೂ ‘ಮರಳು’ ಅನ್ನುತ್ತಾರೆ. ಹಾಗಾಗಿ ‘ಅವಳ ಮಾತಿಗೆ ಮರಳಾದ’ ಅಂತ ಬರೆದರೆ ಅವನು ಉಸುಕಾದ ಅಂತಾಗುತ್ತದೆ. ‘ಮರುಳುಗಾಡು’ ಅಂತ ಬರೆದರೆ ರಾಜಸ್ಥಾನದಲ್ಲಿ ದೆವ್ವಗಳ ಕಾಡು ಎದ್ದು ನಿಲ್ಲುತ್ತದೆ. ಮೊಬೈಲಿನಲ್ಲಿ ಬೇಗ ಬೇಗ ಒತ್ತುವಾಗ ಈ ಕೊಂಬು ಬಹಳ ಸಲ ಜಾರಿಹೋಗುತ್ತದೆ, ಒಮ್ಮೆ ಕಣ್ಣಾಡಿಸಿ.

ಗೊಂದಲಕ್ಕೆ ಇನ್ನೊಂದು ಕಾರಣ ‘ಅರವತ್ತಕ್ಕೆ ಅರಳು ಮರಳು’ ಅನ್ನುವ ಮಾತು. ಅಲ್ಲಿ ಹೇಳುತ್ತಿರುವುದು ಮುಪ್ಪಿನಲ್ಲಿ ಬುದ್ಧಿ ಮಂಕಾಗುವುದನ್ನು. ಅಂದರೆ ಅರ್ಥದಲ್ಲಿ ಅದು ಮರುಳಿನ ನೆಂಟ. ಆದರೆ ಬಳಕೆಯಲ್ಲಿ ಬೇರೂರಿರುವ ರೂಪ ‘ಅರಳು ಮರಳು’. ‘ಅರುಳು ಮರುಳು’ ಅನ್ನುವವರೂ ಇದ್ದಾರೆ. ಬೇಂದ್ರೆಯವರು ತಮ್ಮ ಕವನಸಂಕಲನಕ್ಕೆ ‘ಅರಳು ಮರಳು’ ಅಂತ ಹೆಸರಿಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅರವತ್ತರ ಮಂಕು ಅಂತಲೂ ಓದಬಹುದು, ‘ಮತ್ತೆ ಅರಳು’ ಅಂತಲೂ ಓದಬಹುದು. ಧಾರವಾಡದ ಅಜ್ಜನ ಕಿತಾಪತಿ ಅದು.

‘ಮರುಳು ಮಾಡಿದಳು’, ‘ಮರುಳು ಮಾಡಿಕೊಂಡಳು’: ವ್ಯತ್ಯಾಸ ಇದೆಯಾ?

ಇದೆ. ‘ಕೊಳ್ಳು’ ಸೇರಿದರೆ ತನ್ನ ಲಾಭಕ್ಕೆ ಅಂತ ಅರ್ಥ. ‘ಮಗನನ್ನು ಮರುಳು ಮಾಡಿಕೊಂಡಿದ್ದಾಳೆ’ ಅನ್ನುವುದು ಅತ್ತೆ ಸೊಸೆಯ ಮೇಲೆ ಹೊರಿಸುವ ಹಳೇ ಆಪಾದನೆ. ಧಾರಾವಾಹಿಗಳು ಈ ಒಂದು ವಾಕ್ಯದ ಮೇಲೆ ವರ್ಷಗಟ್ಟಲೆ ಓಡಿವೆ. ಗಮನಿಸಿ, ‘ಅಳಿಯ ನಮ್ಮ ಮಗಳನ್ನು ಮರುಳು ಮಾಡಿಕೊಂಡಿದ್ದಾನೆ’ ಅನ್ನುವುದು ಮದುವೆಗೆ ಮುಂಚೆ ಮಾತ್ರ ಕೇಳಿಬರುತ್ತದೆ, ಮದುವೆಯಾದ ಮೇಲೆ ಅಪರೂಪ. ಮದುವೆಯ ನಂತರ ಆ ಆಪಾದನೆ ಹೆಣ್ಣಿಗೇ ಮೀಸಲು. ಇದು ವ್ಯಾಕರಣದ ನಿಯಮವಲ್ಲ, ನಮ್ಮ ಮನೆಗಳ ನಿಯಮ.

‘ಮನಸೂರೆಗೊಂಡಿತು’ ಸರಿಯೋ, ‘ಮನಸೂರೆಗೊಳಿಸಿತು’ ಸರಿಯೋ?

‘ಮನಸೂರೆಗೊಂಡಿತು’. ಇದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ವರದಿಗಳಲ್ಲಿ ತಪ್ಪು ರೂಪ ಬಹಳ ಓಡಾಡುತ್ತಿದೆ.

ಮನ + ಸೂರೆ + ಕೊಳ್ಳು. ಸೂರೆ ಅಂದರೆ ಲೂಟಿ. ಹಿಂದೆ ದಂಡು ಬಂದು ಊರನ್ನು ಸೂರೆ ಮಾಡುತ್ತಿತ್ತು. ಇಲ್ಲಿ ಊರಿನ ಬದಲು ಮನಸ್ಸು. ‘ಕೊಳ್ಳು’ ಅಂದರೆ ತೆಗೆದುಕೊಳ್ಳು. ಅದರ ಕಕಾರಕ್ಕೆ ಗಕಾರ ಬಂದು ‘ಗೊಳ್ಳು’ ಆಗಿದೆ, ಶಾಲೆಯಲ್ಲಿ ಕಲಿತ ಆದೇಶಸಂಧಿ. ಅಂದಮೇಲೆ ‘ನೃತ್ಯ ಪ್ರೇಕ್ಷಕರ ಮನಸೂರೆಗೊಂಡಿತು’ ಅಂದರೆ ನೃತ್ಯ ಮನಸ್ಸನ್ನು ಕೊಳ್ಳೆ ಹೊಡೆಯಿತು. ವಾಕ್ಯ ಪೂರ್ತಿಯಾಯಿತು. ‘ಗೊಳಿಸಿತು’ ಅಂದರೆ ಬೇರೆ ಯಾರಿಂದಲೋ ಲೂಟಿ ಮಾಡಿಸಿತು ಅಂತಾಗುತ್ತದೆ.

ಈ ತಪ್ಪು ಹುಟ್ಟುವುದು ಎಲ್ಲಿಂದ ಅಂದರೆ ‘ಬೆರಗುಗೊಳಿಸು’, ‘ಮರುಳುಗೊಳಿಸು’ಗಳಿಂದ. ಅಲ್ಲಿನ ‘ಗೊಳ್ಳು’ ನಡೆದುಕೊಳ್ಳುವ ರೀತಿಯೇ ಬೇರೆ. ಪ್ರೇಕ್ಷಕರು ಬೆರಗುಗೊಂಡರು, ನೃತ್ಯ ಪ್ರೇಕ್ಷಕರನ್ನು ಬೆರಗುಗೊಳಿಸಿತು. ಪ್ರೇಕ್ಷಕರು ಮರುಳುಗೊಂಡರು, ನೃತ್ಯ ಅವರನ್ನು ಮರುಳುಗೊಳಿಸಿತು. ಇಲ್ಲಿ ‘ಗೊಳ್ಳು’ ಅಂದರೆ ಆಗು, ‘ಗೊಳಿಸು’ ಅಂದರೆ ಮಾಡು. ಸೂರೆಯಲ್ಲಿ ಹಾಗಿಲ್ಲ. ಅನುಮಾನ ಬಂದಾಗ ‘ಪ್ರೇಕ್ಷಕರು ಮನಸೂರೆಗೊಂಡರು’ ಅಂತ ಹೇಳಿ ನೋಡಿ. ಪ್ರೇಕ್ಷಕರೇ ಲೂಟಿಗೆ ಇಳಿದ ಹಾಗೆ ಕೇಳಿಸಿದರೆ ನಿಮ್ಮ ಕಿವಿ ಸರಿಯಾಗಿದೆ.

‘ಮನಸ್ಸೂರೆ’ ಅಂತ ಒತ್ತು ಕೊಟ್ಟು ಬರೆಯುವುದೂ ಬೇಡ. ಇಲ್ಲಿರುವುದು ‘ಮನ’.

ಮೋಡಿ ಮಾಡುವುದಕ್ಕೂ ಮರುಳು ಮಾಡುವುದಕ್ಕೂ ಏನು ಫರಕು?

ಮೋಡಿಯಲ್ಲಿ ಕೈಚಳಕ ಇದೆ. ಹಳ್ಳಿಗಳಲ್ಲಿ ಮೋಡಿ ಆಟ ಅಂತ ನಡೆಯುತ್ತಿತ್ತು. ಒಬ್ಬ ಮಂತ್ರ ಹಾಕಿದ ಹಾಗೆ ಮಾಡುವುದು, ಇನ್ನೊಬ್ಬ ಇಟ್ಟ ವಸ್ತುವನ್ನು ಮುಟ್ಟಲಾರದೆ ಬೀಳುವುದು, ಏಳುವುದು, ಸುತ್ತ ಜನ ಬಾಯಿ ಬಿಟ್ಟು ನೋಡುವುದು. ಹಾಗಾಗಿ ಮೋಡಿ ಮಾಡುವವರಿಗೆ ಒಂದು ವಿದ್ಯೆ ಗೊತ್ತಿರಬೇಕು. ಕ್ರಿಕೆಟ್ ವರದಿಯಲ್ಲಿ ‘ಸ್ಪಿನ್ ಮೋಡಿ’ ಚೆನ್ನಾಗಿ ಕೂರುವುದು ಅದಕ್ಕೇ. ಬಿ.ಎಸ್. ಚಂದ್ರಶೇಖರ್ ಬೌಲಿಂಗಿಗೆ ಮೋಡಿ ಅನ್ನುವುದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ. ‘ಸ್ಪಿನ್ ಮರುಳು’ ಅಂದರೆ ಕೆಟ್ಟಿತು.

ಇನ್ನೊಂದು, ಮೋಡಿಯಲ್ಲಿ ಮೋಸದ ವಾಸನೆ ಕಡಿಮೆ. ವ್ಯಕ್ತಿಯನ್ನು ಹೊಗಳಬೇಕಾದಾಗ ಮರುಳಿಗಿಂತ ಮೋಡಿ ಸುರಕ್ಷಿತ. ಹಳೆಯ ಮರಾಠಿ ಕಾಗದಪತ್ರಗಳ ಮೋಡಿ ಲಿಪಿಗೂ ಇದಕ್ಕೂ ಸಂಬಂಧ ಹುಡುಕಬೇಡಿ.

‘ಮಂತ್ರಮುಗ್ಧ’ ಬಳಸಬಹುದಾ?

ಬಳಸಿ, ಮಿತವಾಗಿ. ಸಂಗೀತ ಕಛೇರಿಯ ವರದಿಗಳಲ್ಲಿ ಸವೆದು ಸವೆದು ಅದಕ್ಕೆ ಈಗ ಕಸುವಿಲ್ಲ. ಮೋಹ, ಮೋಹಿನಿ, ಮುಗ್ಧ ಮೂರೂ ಸಂಸ್ಕೃತದ ಒಂದೇ ಧಾತುವಿನಿಂದ ಬಂದವು. ಆದರೆ ಕನ್ನಡದಲ್ಲಿ ಬಿಡಿಯಾಗಿ ‘ಮುಗ್ಧ’ ಅಂದರೆ ಏನೂ ಅರಿಯದ, ಕಪಟವಿಲ್ಲದ. ‘ಪ್ರೇಕ್ಷಕರು ಮುಗ್ಧರಾದರು’ ಅಂತ ಮಂತ್ರ ಕಿತ್ತುಹಾಕಿ ಬರೆದರೆ ಅರ್ಥ ಹಾಳಾಗುತ್ತದೆ. ಮೋಹಿನಿಯ ಕಥೆಯೂ ನೆನಪಿರಲಿ. ಯಕ್ಷಗಾನದ ಭಸ್ಮಾಸುರ ಮೋಹಿನಿ ಪ್ರಸಂಗದಲ್ಲಿ ಅವಳ ಕುಣಿತಕ್ಕೆ ಮರುಳಾದವನು ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡ.

ಹಿರಿಯರ ಬಗ್ಗೆ, ಗೌರವದಿಂದ ಹೇಳಬೇಕಾದರೆ ಯಾವ ಪದ?

‘ಮನಸೋಲು’ ಅಥವಾ ‘ಮಾರುಹೋಗು’. ‘ಅವರ ಸರಳತೆಗೆ ಮನಸೋತೆ’, ‘ಅವರ ಗುಣಕ್ಕೆ ಮಾರುಹೋದೆ’. ಎರಡಕ್ಕೂ ‘ಗೆ/ಕ್ಕೆ’ಯೇ. ಇವುಗಳಲ್ಲಿ ಎದುರಿನವರು ಏನೂ ಮಾಡಿಲ್ಲ, ಸೋತಿದ್ದು ನಾವು. ಆಪಾದನೆ ಹೊರಿಸಲು ಯಾರೂ ಇಲ್ಲ. ಅದಕ್ಕೇ ಇವು ಮರ್ಯಾದೆಯ ಮಾತುಗಳು.

ಒಟ್ಟಿಗೆ ಇಟ್ಟು ನೋಡಿದರೆ ಮಜವಾಗಿದೆ. ಸೋಲು, ಸೂರೆ, ಮಾರಾಟ, ಹುಚ್ಚು. ಕನ್ನಡದವನಿಗೆ ಏನಾದರೂ ತುಂಬ ಇಷ್ಟವಾಯಿತು ಅಂದರೆ ಅವನು ಏನನ್ನೋ ಕಳೆದುಕೊಂಡಿದ್ದಾನೆ ಅಂತಲೇ ಲೆಕ್ಕ.

‘ನನ್ನ ಗಮನವನ್ನು ಸೆರೆಹಿಡಿಯಿತು’ ಅನ್ನಬಹುದಾ?

ಬೇಡ. ಗಮನವನ್ನು ಕನ್ನಡ ಸೆಳೆಯುತ್ತದೆ, ಹಿಡಿದು ಕಟ್ಟುವುದಿಲ್ಲ. ‘ಗಮನ ಸೆಳೆಯಿತು’, ‘ಮನಸೆಳೆಯಿತು’ ಸಾಕು. ಕ್ಯಾಮೆರಾದಲ್ಲಿ ದೃಶ್ಯ ಸೆರೆಹಿಡಿಯುವುದು ಈಗ ರೂಢಿಯಾಗಿದೆ, ಚಿರತೆಯನ್ನು ಸೆರೆಹಿಡಿಯುವುದು ಮೊದಲಿನಿಂದ ಇದೆ.

ಉತ್ತರ ಕರ್ನಾಟಕದ ‘ಮಳ್ಳ’, ಮಂಗಳೂರು ಕಡೆಯ ‘ಮರ್ಲ್’ ಇದೇ ಪದವಾ?

ಒಂದೇ ಕುಟುಂಬ. ‘ಮರುಳ’ ಬಾಯಲ್ಲಿ ಸವೆದು ‘ಮಳ್ಳ’. ‘ನನ್ನ ಮಳ್ಳ ಮಾಡಬ್ಯಾಡ’ ಅಂದರೆ ನನ್ನನ್ನು ಪೆದ್ದನನ್ನಾಗಿ ಮಾಡಬೇಡ ಅಂತ. ಇಲ್ಲಿ ಚೆಲುವು, ಆಕರ್ಷಣೆ ಯಾವುದೂ ಇಲ್ಲ, ಬರೀ ಟೋಪಿ ಹಾಕುವುದು. ಉತ್ತರ ಕನ್ನಡದ ಹವ್ಯಕರಲ್ಲಿ ‘ಮಳ್ಳು’ ಅಂದರೆ ಹುಚ್ಚು. ತುಳುವಿನಲ್ಲಿ ‘ಮರ್ಲ್’ ಅಂದರೂ ಹುಚ್ಚೇ, ಮಂಗಳೂರಿನ ಕನ್ನಡಕ್ಕೂ ಅದು ಧಾರಾಳವಾಗಿ ಬಂದಿದೆ. ಅಂದರೆ ಬರವಣಿಗೆಯ ಕನ್ನಡ ಹುಚ್ಚಿನಿಂದ ಮೋಹದ ಕಡೆ ಹೋಯಿತು, ಆಡುಮಾತುಗಳು ಹುಚ್ಚಿನ ಹತ್ತಿರವೇ ಉಳಿದವು.

ಹೆಣ್ಣುರೂಪ ‘ಮಳ್ಳಿ’ಯ ಕಥೆ ಇನ್ನೂ ಸೊಗಸು. ‘ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅಂದಳಂತೆ.’ ನಾಲ್ಕು ಅಂತ ಗೊತ್ತು, ಆದರೆ ಗೊತ್ತಿಲ್ಲದವಳ ಹಾಗೆ ನಟನೆ. ಹೀಗೆ ಪೆದ್ದಿ ಅನ್ನುವ ಪದವೇ ಪೆದ್ದಿಯ ಹಾಗೆ ನಟಿಸುವ ಜಾಣೆಯನ್ನು ಚುಚ್ಚುವ ಪದವಾಯಿತು.

ದಿನದ ಮಾತಿನಲ್ಲಿ ಯಾರಾದರೂ ‘ಮರುಳಾದೆ’ ಅನ್ನುತ್ತಾರಾ?

ಬೆಂಗಳೂರಿನ ಹುಡುಗರು ‘ಫಿದಾ ಆದೆ’ ಅನ್ನುತ್ತಾರೆ, ‘ಬಿದ್ದೋದೆ’ ಅನ್ನುತ್ತಾರೆ, ‘ಕ್ಲೀನ್ ಬೋಲ್ಡ್’ ಅನ್ನುತ್ತಾರೆ. ಮರುಳು ಮಾತಿನಲ್ಲಿ ಉಳಿದಿರುವುದು ಹೆಚ್ಚಾಗಿ ಎಚ್ಚರಿಕೆಯ ವಾಕ್ಯಗಳಲ್ಲಿ: ‘ಅವನ ಮಾತಿಗೆ ಮರುಳಾಗ್ಬೇಡ ಕಣೇ.’ ಬೇಕೆಂದೇ ವಂಚಿಸಿದ್ದರೆ ಮಾತು ಇನ್ನೂ ಖಾರವಾಗುತ್ತದೆ: ಮಂಕುಬೂದಿ ಎರಚಿದ, ಬುಟ್ಟಿಗೆ ಹಾಕಿಕೊಂಡ. ಬುಟ್ಟಿಗೆ ಹಾಕಿಕೊಳ್ಳುವುದನ್ನು ತಮಾಷೆಗೂ ಅನ್ನುತ್ತಾರೆ, ಆದರೆ ಬೀಗರ ಎದುರು ಅನ್ನಬೇಡಿ. ‘ಪುಸಲಾಯಿಸು’ ಪೊಲೀಸ್ ಸುದ್ದಿಯ ಪದವಾಗಿಬಿಟ್ಟಿದೆ, ಪ್ರೀತಿಯ ಪತ್ರಕ್ಕೆ ಹೊಂದುವುದಿಲ್ಲ.

‘ಜನ ಮರುಳೋ, ಜಾತ್ರೆ ಮರುಳೋ’ ಯಾವಾಗ ಬಳಸಬೇಕು?

ಒಂದು ಕಡೆ ಜನ ಮುಗಿಬಿದ್ದಿದ್ದಾರೆ, ಯಾಕೆ ಅಂತ ನಿಮಗೆ ಅರ್ಥವಾಗುತ್ತಿಲ್ಲ. ಆಗ. ಹೊಸ ಫೋನಿಗೆ ರಾತ್ರಿಯಿಂದ ಕ್ಯೂ ನಿಂತವರನ್ನು ನೋಡಿ ಅನ್ನಬಹುದು. ಇಲ್ಲಿ ಮರುಳು ಹೆಸರುಪದ, ಹಿಂದೆ ‘ಮಾಡು’ ಇಲ್ಲ, ಹಾಗಾಗಿ ಯಾರು ಯಾರಿಗೆ ಹುಚ್ಚು ಹಿಡಿಸಿದರು ಅನ್ನುವುದು ತೀರ್ಮಾನವಾಗುವುದಿಲ್ಲ. ಗಾದೆಯ ತಮಾಷೆ ಇರುವುದೇ ಅಲ್ಲಿ. ನೀವೂ ಅದೇ ಕ್ಯೂನಲ್ಲಿ ನಿಂತಿದ್ದರೆ ಇದನ್ನು ಹೇಳುವುದಕ್ಕೆ ನಿಮಗೆ ಹಕ್ಕಿಲ್ಲ.

ಬಿಡಿಸಿ ಬರೆಯಬೇಕಾ, ಕೂಡಿಸಿ ಬರೆಯಬೇಕಾ?

‘ಮರುಳು ಮಾಡು’ ಎರಡೂ ಥರ ನಡೆಯುತ್ತದೆ. ‘ಮರುಳಾಗು’ ಕೂಡಿಸಿಯೇ, ಸಂಧಿಯಲ್ಲಿ ಉಕಾರ ಬಿಟ್ಟುಹೋಗಿದೆ. ‘ಮನಸೂರೆಗೊಳ್ಳು’ ಒಂದೇ ಪದ. ‘ಮೋಡಿ ಮಾಡು’ ಬಿಡಿಸಿ.

ನಿಘಂಟಿನಲ್ಲಿ ‘ಮರುಳು ಮಾಡು’ ಅಂತ ಹುಡುಕಿದರೆ ಸಿಗುತ್ತಿಲ್ಲ, ಏನು ಮಾಡಲಿ?

‘ಮರುಳು’ ಅಂತ ನೋಡಿ, ಸಿಗದಿದ್ದರೆ ‘ಮರುಳ್’ ಅಂತ ನೋಡಿ. 1894ರ ಕಿಟ್ಟೆಲ್ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಎರಡರಲ್ಲೂ ಹಳೆಗನ್ನಡ ಪದಗಳಿವೆ. ‘ಮಾಡು’, ‘ಆಗು’, ‘ಗೊಳಿಸು’ ಸೇರಿದ ರೂಪಗಳು ಬೇಕಾದರೆ ಮೂಲ ಪದದ ಆಸುಪಾಸಿನಲ್ಲೇ ಕಣ್ಣಾಡಿಸಿ. ‘ಮನಸೂರೆ’ ಸಿಗದಿದ್ದರೆ ‘ಸೂರೆ’ ನೋಡಿ.